ರೇಡಿಯೋ ನುಂಗಿದ ಸಾಲು

ಟ್ಯಾಲಿನ್‌ನಿಂದ ಸ್ಟಾಕ್‌ಹೋಮಿಗೆ ಇಡೀ ರಾತ್ರಿಯ ಹಡಗು.
ಏಳನೇ ಅಂತಸ್ತು, ಕೆಂಪು ಜಮಖಾನದ ಬಾರು,
ಎಡಕ್ಕೆ ಜೂಜಿನ ಯಂತ್ರಗಳು, ಬಲಕ್ಕೆ ನಾವು ನಾಲ್ವರು.
ಊಲೊ ಡ್ರಮ್ಮಿನ ಕಾಲುಗಳನ್ನು ಹಗ್ಗದಿಂದ ಬಿಗಿಯುತ್ತಾನೆ,
ಹಾಲು ಕರೆಯುವ ಮೊದಲು ಒದೆಯುವ ಹಸುವಿಗೆ ಕಟ್ಟಿದಂತೆ.
ನವೆಂಬರಿನ ಕಡಲಿಗೆ ತಾಳಜ್ಞಾನ ಕಡಿಮೆ.

ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ
ನಮ್ಮ ಹೆಸರು ಈ ಸಲವೂ ತಪ್ಪಾಗಿದೆ.
ಯಾರೂ ತಿದ್ದಲು ಹೋಗಲಿಲ್ಲ.
ಬಂದವರಿಗೆ ಬೇಕಾದದ್ದು
ನಮ್ಮ ಬಾಯಲ್ಲಿ ಬೇರೆ ಯಾರದೋ ದನಿ.
ಊರವರ ಬಟ್ಟೆ ಒಗೆದು, ಒಣಗಿಸಿ, ಮಡಿಸಿ
ಅವರವರಿಗೆ ಮುಟ್ಟಿಸುವ ಕೆಲಸ ನಮ್ಮದು.
ನಡುವೆ ಒಂದು ಗಳಿಗೆ ನಾವೇ ತೊಟ್ಟು ನೋಡಿದರೆ
ಯಾರಿಗೆ ತಿಳಿದೀತು?

ಒಂಬತ್ತಕ್ಕೆ ಮುದುಕರ ಹಾಡು, ಹನ್ನೊಂದಕ್ಕೆ ಕುಡಿದವರದು,
ಒಂದರ ಮೇಲೆ ಅಳುವವರದು.
ಮೂವತ್ತೊಂದು ವರ್ಷ. ಲೆಕ್ಕ ಹಿಡಿದರೆ
ಭೂಮಿಯನ್ನೇ ಎಷ್ಟೋ ಸಲ ಸುತ್ತಿದ್ದೇವೆ
ಎರಡೇ ಊರುಗಳ ನಡುವೆ.

ಹೆಲ್ದುರ್, ನಮ್ಮ ಗಿಟಾರಿನವನು,
ಇಂಗ್ಲಿಷ್ ಬಾರದ ಕಾಲದಲ್ಲಿ ಇಂಗ್ಲಿಷ್ ಹಾಡು ಕಲಿತವನು.
ಆಗ ಅಂಗಡಿಯಲ್ಲಿ ಅಂಥ ಪ್ಲೇಟು ಇರುತ್ತಿರಲಿಲ್ಲ,
ಕೇಳಿದರೆ, ಕೇಳಿದವನ ಹೆಸರು ಬರೆದುಕೊಳ್ಳುತ್ತಿದ್ದರು.
ಕೊಲ್ಲಿಯ ಆಚೆ ಫಿನ್ಲೆಂಡಿನ ರೇಡಿಯೋ.
ಅಡುಗೆಮನೆ ಕಿಟಕಿಗೆ ತಾಮ್ರದ ತಂತಿ,
ಕಾಪಿಪುಸ್ತಕ, ಮೊಂಡು ಪೆನ್ಸಿಲು, ಮೈಯೆಲ್ಲ ಕಿವಿ.
ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದ,
ಅರ್ಥದ ಗೊಡವೆಯಿಲ್ಲದ ಸದ್ದು, ಮಗುವಿನ ತೊದಲು.
ಒಂದು ಹಾಡಿನ ಎರಡನೇ ಚರಣದ ನಡುವೆ
ಗಾಳಿ ತಿರುಗಿ, ಕರಕರ ಎಂದು
ಎರಡು ಸಾಲನ್ನು ರೇಡಿಯೋ ನುಂಗಿಬಿಟ್ಟಿತು.
ಮತ್ತೆ ಬಂದೀತೆಂದು ಇಡೀ ಚಳಿಗಾಲ ಕಾದ.
ಬರಲಿಲ್ಲ.
ತೂತಿಗೆ ತೇಪೆ ಬೇಕಲ್ಲ,
ನಮ್ಮ ಭಾಷೆಯಲ್ಲೇ ಎರಡು ಸಾಲು ಹೊಲಿದ:

ಅಮ್ಮ ಮೀನು ಹೊಗೆಗಿಟ್ಟಿದ್ದಾಳೆ,
ಬಾಗಿಲು ಹಾಕಬೇಡ, ನಾನಿನ್ನೂ ಬಂದಿಲ್ಲ.

ಪ್ರೇಮದ ಹಾಡಂತೆ ಅದು. ಮೀನಿಗೇನು ಕೆಲಸ ಅಲ್ಲಿ?
ಬೆಸ್ತರ ಕ್ಲಬ್ಬಿನಲ್ಲಿ, ಟ್ರ್ಯಾಕ್ಟರ್ ಷೆಡ್ಡಿನ ಕುಣಿತದಲ್ಲಿ,
ದ್ವೀಪಗಳ ಮದುವೆಗಳಲ್ಲಿ, ಒಂದು ಸಾವಿನ ಮನೆಯ ಊಟದಲ್ಲೂ
ಹಾಗೇ ಹಾಡಿಕೊಂಡು ಬಂದೆವು.

ಗಡಿ ತೆರೆದ ಮೇಲೆ ಅಸಲು ಪ್ಲೇಟು ತಂದೆವು.
ನುಂಗಿದ ಸಾಲು ಅಲ್ಲಿತ್ತು, ನುಣ್ಣಗೆ:
ಚಂದ್ರ, ತುಟಿ, ಮತ್ತೆ ಚಂದ್ರ.
ಹೆಲ್ದುರ್ ಎರಡು ಸಲ ಕೇಳಿ ಮುಳ್ಳು ಎತ್ತಿಟ್ಟ.
"ಇದಕ್ಕಾ ನಾನು ಇಡೀ ಚಳಿಗಾಲ ಕಾದದ್ದು?"
ಆದರೂ ಕಲಿತೆವು. ದುಡ್ಡು ಕೊಡುವವರು ಅಸಲನ್ನೇ ಕೇಳುತ್ತಾರೆ.

ನಿನ್ನೆ ನಡುರಾತ್ರಿ, ತೆರೆದ ಕಡಲಿಗೆ ಬಂದ ಮೇಲೆ
ಹಡಗು ಒಮ್ಮೆ ಬಗ್ಗಿ ಎದ್ದಿತು. ಲೋಟಗಳು ಜಾರಿದವು.
ನನ್ನ ನಾಲಗೆಯಿಂದ ಚಂದ್ರನೂ ಜಾರಿದ.
ತೆರೆದ ಬಾಯಿ, ಮಾತಿಲ್ಲ. ಊಲೊ ತಾಳ ಬಿಡಲಿಲ್ಲ.
ಆಗ ಕಂಬದ ಬಳಿಯ ಮೇಜಿನಲ್ಲಿ,
ಸ್ವೀಡನ್ನಿನ ಯಾವುದೋ ಆಸ್ಪತ್ರೆಯ ನೆಲ ಒರೆಸಲು
ರಜೆ ಮುಗಿಸಿ ಹೊರಟ ಹೆಂಗಸೊಬ್ಬಳು
ತಲೆಯೆತ್ತದೆ, ಬಿಯರಿನ ಲೋಟಕ್ಕೆ ಹೇಳುವಂತೆ ಹಾಡಿದಳು:
ಅಮ್ಮ ಮೀನು ಹೊಗೆಗಿಟ್ಟಿದ್ದಾಳೆ...

ಹೆಲ್ದುರನ ಬೆರಳು ತಂತಿಯ ಮೇಲೇ ನಿಂತಿತು.
ಅಷ್ಟು ವರ್ಷದಲ್ಲಿ ಅವನು ಸ್ವರ ಬಿಟ್ಟದ್ದು ಅದೊಂದೇ.

ಆಮೇಲೆ ಅವಳೇ ಬಂದಳು, ಜಗಳದ ಮುಖ ಹೊತ್ತು:
"ನೀವು ತಪ್ಪು ಹಾಡುತ್ತೀರಿ. ಅಸಲು ಹಾಡಿನಲ್ಲಿ ಮೀನಿದೆ.
ಹೀಯುಮಾದಲ್ಲಿ ನನ್ನಪ್ಪ ದೋಣಿಗೆ ಟಾರು ಬಳಿಯುತ್ತ
ದಿನಾ ಹಾಡುತ್ತಿದ್ದ. ನನಗೆ ಗೊತ್ತಿಲ್ಲವಾ?"
ಹೆಲ್ದುರ್ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟ,
ಕೊಕ್ಕೆ ಹಾಕಿದ, ತೆಗೆದ, ಮತ್ತೆ ಹಾಕಿದ.
"ಹೌದು," ಅಂದ. "ನಮಗೆ ಮರೆತುಹೋಗಿತ್ತು."

ಇವತ್ತಿನ ಪಟ್ಟಿ ನನ್ನ ಕೈಯಲ್ಲಿದೆ.
ಹದಿನಾಲ್ಕನೇ ಹಾಡಿನ ಪಕ್ಕ
ಮೊಂಡು ಪೆನ್ಸಿಲಿನಲ್ಲಿ ಯಾರೋ
ಒಂದು ಸಣ್ಣ ಮೀನು ಬಿಡಿಸಿದ್ದಾರೆ.